ಮೆಕ್ಯಾನಿಕ್ ಅಪ್ಪ, ಮೆಕ್ಯಾನಿಕಲ್ ಮಗಳು

ಓದು ಮುಗಿಸಿದ ಮಕ್ಕಳು ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಆ ಸುದ್ದಿ ಮನೆಯವರಿಗಿಂತ ಮೊದಲು ಬೀದಿಗೆ ಗೊತ್ತಾಗುತ್ತದೆ. ಬಸ್ ಡಿಪೋದ ಗೇರ್‌ಬಾಕ್ಸ್ ಮೇಸ್ತ್ರಿಯ ಮನೆಯಲ್ಲೂ ಹಾಗೇ ಆಯಿತು. ಅವರ ಮಗಳು ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಹತ್ತು ತಿಂಗಳಾಗಿತ್ತು. ಮೊದಲ ಎರಡು ತಿಂಗಳು ಎಲ್ಲರೂ ಕೈಕುಲುಕಿದರು. ಆಮೇಲೆ ಎರಡು ತಿಂಗಳು, ಎಲ್ಲಿ ಸೇರಿದಳು ಎಂದು ಕೇಳಿದರು. ಆಮೇಲೆ ಕೇಳುವುದನ್ನೇ ಬಿಟ್ಟರು. ಕೇಳಿದ್ದಕ್ಕಿಂತ ಕೇಳದೆ ಬಿಟ್ಟದ್ದೇ ಮೇಸ್ತ್ರಿಯನ್ನು ಹೆಚ್ಚು ಚುಚ್ಚುತ್ತಿತ್ತು.

ಮೇಸ್ತ್ರಿ ಇಪ್ಪತ್ತಾರು ವರ್ಷದಿಂದ ಅದೇ ಡಿಪೋದಲ್ಲಿ ಬಸ್ಸುಗಳ ಗೇರ್‌ಬಾಕ್ಸ್ ಬಿಚ್ಚಿ ಜೋಡಿಸುತ್ತಿದ್ದವರು. ಬಸ್ಸು ಗೇಟು ದಾಟಿ ಒಳಗೆ ಬರುವಾಗಲೇ ಅದರ ಸದ್ದು ಕೇಳಿ, ಯಾವ ಗೇರಿನ ಹಲ್ಲು ಸವೆದಿದೆ ಎಂದು ಹೇಳಿಬಿಡುತ್ತಿದ್ದರು. ಅದಕ್ಕೇ ಆ ಹೆಸರು ಅಂಟಿಕೊಂಡಿತ್ತು. ಡಿಪೋದ ಹಿಂದಿನ ಸಾಲಿನಲ್ಲಿ ಎರಡು ಕೋಣೆಯ ಮನೆ. ಒಳಗಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ, ಮುಂದಿನ ಕೋಣೆಯ ಕಿಟಕಿಯ ಪಕ್ಕ ತಾಯಿಯ ಮಂಚ. ಮಗಳು ಓದಿದ್ದು ಆ ಮಂಚದ ಕಾಲ ಬುಡದಲ್ಲಿ, ಹೊಲಿಗೆ ಯಂತ್ರದ ಗಡಗಡದ ನಡುವೆ.

ಆ ಊರಿನಲ್ಲಿ ಮೆಕ್ಯಾನಿಕಲ್ ಎಂದರೆ ಎಲ್ಲರ ಕಣ್ಣಿಗೆ ಬರುತ್ತಿದ್ದದ್ದು ಒಂದೇ, ಊರಾಚೆಯ ಕಾರು ಕಾರ್ಖಾನೆ. ಅಲ್ಲಿ ಎರಡು ವರ್ಷದಿಂದ ಹೊಸಬರನ್ನು ತೆಗೆದುಕೊಂಡಿರಲಿಲ್ಲ. ಆದರೂ ಮಗಳು ಮೂರು ಸಲ ಅರ್ಜಿ ಕೊಟ್ಟು ಬಂದಿದ್ದಳು. ಮೂರನೇ ಸಲ ಗೇಟಿನ ಕಾವಲುಗಾರ ಗುರುತು ಹಿಡಿದು, ಮನೆಯಲ್ಲಿ ಎಲ್ಲರೂ ಚೆನ್ನಾಗಿದ್ದಾರಾ ಎಂದು ವಿಚಾರಿಸಿದನಂತೆ. ಮನೆಗೆ ಬಂದು ಅದನ್ನು ನಗುತ್ತಲೇ ಹೇಳಿದಳು. ಯಾರಿಗೂ ನಗು ಬರಲಿಲ್ಲ.

ಹಾಗೆಂದು ಅವಳಿಗೆ ಕೆಲಸದ ಕರೆ ಬಂದೇ ಇರಲಿಲ್ಲ ಎಂದಲ್ಲ. ನಾಲ್ಕನೇ ತಿಂಗಳಿನಲ್ಲಿ ಒಂದು ಕಾಗದ ಬಂದಿತ್ತು. ಊರಿಗೆ ನೀರು ಎತ್ತಿ ಕಳಿಸುವ ಪಂಪ್‌ಹೌಸಿನಲ್ಲಿ ಒಂದು ವರ್ಷದ ಅಪ್ರೆಂಟಿಸ್ ತರಬೇತಿ, ಜೊತೆಗೆ ತಿಂಗಳಿಗೆ ಇಷ್ಟು ಎಂದು ಭತ್ಯೆ. ಅದನ್ನು ಓದಿದ ಮೇಸ್ತ್ರಿ ಮುಖ ಸಿಂಡರಿಸಿದರು. ನಾಲ್ಕು ವರ್ಷ ಓದಿಸಿದ್ದು ಸ್ಪ್ಯಾನರ್ ಹಿಡಿಯಲಿಕ್ಕಾ ಎಂದರು. ಮಗಳು ಮರುಮಾತಾಡದೆ, ಬರುವುದಿಲ್ಲ ಎಂದು ಉತ್ತರ ಬರೆದು ಕಳಿಸಿದಳು.

ಮೇಸ್ತ್ರಿ ಕೆಟ್ಟ ಮನುಷ್ಯರಲ್ಲ. ಅವರ ಮನಸ್ಸಿನಲ್ಲಿ ಇದ್ದದ್ದೇ ಬೇರೆ. ಮಗಳ ಕಾಲೇಜಿನಲ್ಲಿ ಒಮ್ಮೆ ತಂದೆತಾಯಂದಿರನ್ನು ಕರೆದಿದ್ದರು. ಮೇಸ್ತ್ರಿ ಹೊಸ ಅಂಗಿ ಹಾಕಿಕೊಂಡು ಹೋಗಿದ್ದರು. ಎಷ್ಟು ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಮಾತ್ರ ಹೋಗಿರಲಿಲ್ಲ. ಎರಡು ಗಂಟೆ ಹೊತ್ತು ಎರಡೂ ಕೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ನಿಂತಿದ್ದರು. ಪ್ರಾಂಶುಪಾಲರು ಕೈ ಚಾಚಿದಾಗಲೂ ತಲೆ ಬಗ್ಗಿಸಿ ನಕ್ಕರೇ ಹೊರತು ಕೈ ಹೊರಗೆ ತೆಗೆಯಲಿಲ್ಲ. ಮಗಳಿಗೆ ಆ ಗತಿ ಬರಬಾರದು ಎಂಬುದೊಂದೇ ಅವರ ಹಟ.

ಆದ್ದರಿಂದ ಭಾವಮೈದ ಬಂದು ಒಂದು ದಾರಿ ತೋರಿಸಿದಾಗ ಮೇಸ್ತ್ರಿಗೆ ಜೀವ ಬಂದ ಹಾಗಾಯಿತು. ಅವನ ಪರಿಚಯದವರ ಟ್ರಾವೆಲ್ ಆಫೀಸಿನಲ್ಲಿ ಬಂದ ಫೋನಿಗೆ ಉತ್ತರಿಸಲು ಒಬ್ಬರು ಬೇಕಾಗಿದ್ದರು. ತಣ್ಣಗಿನ ರೂಮು, ಮೆತ್ತಗಿನ ಕುರ್ಚಿ. ಮೆಕ್ಯಾನಿಕಲ್ಲಿಗೆ ಈಗ ಕಾಲವಿಲ್ಲ ಭಾವ, ಆದದ್ದಾಯಿತು, ಅದನ್ನು ಮರೆತುಬಿಡಿ ಎಂದು ಅವನು ಬುದ್ಧಿ ಹೇಳಿದ. ಬರುವ ಸೋಮವಾರ ಸೇರುವುದೆಂದು ಮಾತಾಯಿತು.

ಮಗಳು "ಸರಿ ಅಪ್ಪ" ಎಂದಳು. ಅಷ್ಟೇ. ಒಂದು ಖಾಲಿ ರಟ್ಟಿನ ಪೆಟ್ಟಿಗೆ ತಂದು ಪುಸ್ತಕ, ಡ್ರಾಯಿಂಗ್ ಹಾಳೆ, ಅಳತೆಯ ಕ್ಯಾಲಿಪರ್ ಎಲ್ಲವನ್ನೂ ತುಂಬಿ ಅಜ್ಜಿಯ ಮಂಚದ ಕೆಳಗೆ ತಳ್ಳಿದಳು. ಅವಳು ಅತ್ತಿದ್ದರೆ ಮೇಸ್ತ್ರಿ ಗದರಿಸಿ ಸಮಾಧಾನ ಮಾಡುತ್ತಿದ್ದರು. ಅವಳು ಅಳಲೂ ಇಲ್ಲ.

ಬುಧವಾರ ಬೆಳಿಗ್ಗೆ ಅಜ್ಜಿ ಬಚ್ಚಲಿನಲ್ಲಿ ಜಾರಿ ಬಿದ್ದರು. ಆಸ್ಪತ್ರೆಗೆ ಸೇರಿಸಿದರು, ಸೊಂಟದ ಕೀಲು ಮುರಿದಿತ್ತು. ಹಳೆಯ ಕೀಲು ತೆಗೆದು ಲೋಹದ್ದು ಕೂರಿಸಬೇಕು, ತಡ ಮಾಡುವ ಹಾಗಿಲ್ಲ, ಶುಕ್ರವಾರವೇ ಆಪರೇಷನ್ ಎಂದರು ಡಾಕ್ಟರು. ಮನೆಯವರಿಗೆ ತಿಳಿಯಲಿ ಎಂದು ಮಾದರಿಯೊಂದನ್ನು ತಂದು ತೋರಿಸಿದರು. ಒಂದು ಲೋಹದ ಕಂಬಿ, ಅದರ ತುದಿಗೆ ನುಣುಪಾದ ಗುಂಡು, ಗುಂಡು ಕೂರುವ ಬಟ್ಟಲು. ಅಜ್ಜಿ ಮಲಗಿದಲ್ಲಿಂದಲೇ ಅದನ್ನು ದಿಟ್ಟಿಸಿ ನೋಡಿದರು.

"ಇದಕ್ಕೆ ಗ್ರೀಸ್ ಹಾಕೋರು ಯಾರು ಡಾಕ್ಟ್ರೇ, ನನ್ನ ಮಗನೇನಾ?"

ನರ್ಸ್ ನಗು ತಡೆಯಲಾರದೆ ಆಚೆ ಹೋದಳು. ಆದರೆ ಮೊಮ್ಮಗಳು ನಗಲಿಲ್ಲ. ಆ ಗುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಬಟ್ಟಲು ಎಷ್ಟು ವರ್ಷಕ್ಕೆ ಸವೆಯುತ್ತದೆ, ಸವೆದ ಪುಡಿ ಎಲ್ಲಿ ಹೋಗುತ್ತದೆ ಎಂದು ಕೇಳಿದಳು. ಡಾಕ್ಟರು ಅವಳ ಓದು ಏನೆಂದು ಕೇಳಿ ತಿಳಿದು, ಅವಳ ಕಡೆ ತಿರುಗಿ ಕೂತರು. ಕೂರಿಸುವುದು ತಮ್ಮ ಕೆಲಸ, ಆದರೆ ಇದನ್ನು ವಿನ್ಯಾಸ ಮಾಡಿ ಲಕ್ಷಗಟ್ಟಲೆ ಸಲ ಆಡಿಸಿ ಪರೀಕ್ಷೆ ಮಾಡುವವರಲ್ಲಿ ನಿಮ್ಮಂಥವರೇ ಹೆಚ್ಚು ಎಂದರು. ನಿಮ್ಮಂಥವರು ಎಂಬ ಮಾತು ಮೇಸ್ತ್ರಿಯ ಕಿವಿಯಲ್ಲಿ ಸ್ವಲ್ಪ ಹೊತ್ತು ನಿಂತಿತು. ಹತ್ತು ತಿಂಗಳಿನಲ್ಲಿ ಯಾರೂ ಅವಳನ್ನು ಹಾಗೆ ಕರೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಹತ್ತು ಗಂಟೆಗೆ ಅಜ್ಜಿಯನ್ನು ಒಳಗೆ ಕರೆದೊಯ್ಯಬೇಕು ಎನ್ನುವಷ್ಟರಲ್ಲಿ ಆಪರೇಷನ್ ನಿಂತುಹೋಯಿತು. ಆಪರೇಷನ್ನಿನ ಸಾಮಾನುಗಳನ್ನು ಗಂಟು ಕಟ್ಟಿ ಬಿಸಿ ಆವಿಯಲ್ಲಿ ಶುದ್ಧ ಮಾಡುವ ದೊಡ್ಡ ಯಂತ್ರವೊಂದು ಕೈಕೊಟ್ಟಿತ್ತು. ಗಂಟುಗಳು ಒದ್ದೆಯಾಗಿ ಹೊರಬರುತ್ತಿದ್ದವು. ಒದ್ದೆ ಗಂಟಿಗೆ ಕ್ರಿಮಿ ಸೇರುತ್ತದೆ, ಅದನ್ನು ಬಳಸುವ ಹಾಗಿಲ್ಲ. ಇನ್ನೊಂದು ಯಂತ್ರ ಇದ್ದರೂ ಅದನ್ನು ಜೀವ ಹೋಗುವಂಥ ಕೇಸುಗಳಿಗೆ ಮೀಸಲಿಟ್ಟಿದ್ದರು. ಅಜ್ಜಿಯದು ನಾಳೆ ಬೆಳಿಗ್ಗೆ ಎಂದರು.

ಮೇಸ್ತ್ರಿಗೆ ಸಿಟ್ಟು ನೆತ್ತಿಗೇರಿತು. ನೋವು ತಿನ್ನುತ್ತಾ ಮಲಗಿರುವುದು ಹೆತ್ತ ತಾಯಿ. ವಾರ್ಡಿನ ಬಾಗಿಲಲ್ಲಿ ನಿಂತು, ಯಂತ್ರ ನೋಡಿಕೊಳ್ಳುವವರನ್ನು ಕರೆಯಿರಿ ಎಂದು ಹಟ ಹಿಡಿದರು. ಸ್ವಲ್ಪ ಹೊತ್ತಿಗೆ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ನೀಲಿ ಮೇಲಂಗಿ, ದಪ್ಪ ಅಟ್ಟೆಯ ಬೂಟು, ಜೇಬಿನಲ್ಲಿ ಟಾರ್ಚು, ಕಿವಿಯ ಮೇಲೆ ಪೆನ್ಸಿಲ್ಲು. ಮೇಸ್ತ್ರಿ ಅವರನ್ನು ಮೇಲಿಂದ ಕೆಳಗೆ ನೋಡಿದರು.

"ಎಂಜಿನಿಯರ್ ಬರ್ಲಿಲ್ವಾ?"

"ನಾನೇ," ಎಂದರು ಅವರು. "ಹೇಳಿ ಯಜಮಾನ್ರೇ."

ಆಸ್ಪತ್ರೆಯವರೆಲ್ಲ ಅವರನ್ನು ಪ್ಲಾಂಟ್ ಮೇಡಂ ಎನ್ನುತ್ತಿದ್ದರು. ನೆಲಮಾಳಿಗೆಯ ಯಂತ್ರಗಳೆಲ್ಲ ಅವರ ಉಸ್ತುವಾರಿ. ಅವರು ತಪ್ಪನ್ನು ಮುಚ್ಚಿಡಲಿಲ್ಲ, ಬೆಳಿಗ್ಗೆಯಿಂದ ಏನೇನಾಯಿತು ಎಂದು ಬಿಡಿಸಿ ಹೇಳಿದರು. ಮಗಳು ನಡುವೆ ಬಾಯಿ ಹಾಕಿ, ಬಾಗಿಲಿನ ರಬ್ಬರ್ ಹೋಗಿ ಗಾಳಿ ಸೇರುತ್ತಿರಬೇಕು ಎಂದಳು. ನಾವೂ ಹಾಗೆಂದುಕೊಂಡೇ ರಬ್ಬರ್ ಬದಲಾಯಿಸಿ ನೋಡಿದೆವು, ಅದಲ್ಲ ಎಂದರು ಮೇಡಂ. ಮಗಳ ಮುಖ ಕೆಂಪಾಯಿತು. ಆದರೂ ಸುಮ್ಮನಾಗದೆ, ಹಾಗಾದರೆ ಆವಿಯೇ ಒದ್ದೆಯಾಗಿ ಬರುತ್ತಿದೆಯಾ ಎಂದು ಕೇಳಿದಳು. ಮೇಡಂ ಅವಳನ್ನು ಒಂದು ಗಳಿಗೆ ನೋಡಿ, ಏನು ಓದಿದ್ದೀಯ ಎಂದರು. ಆಮೇಲೆ ಅಪ್ಪ ಮಗಳಿಬ್ಬರನ್ನೂ ಕೆಳಗೆ ಕರೆದರು. ಹೆಲ್ಮೆಟ್ ಹಾಕಿಕೊಳ್ಳಬೇಕು, ಹಳದಿ ಗೆರೆ ದಾಟಬಾರದು ಎಂಬ ಷರತ್ತಿನ ಮೇಲೆ.

ಮೇಸ್ತ್ರಿಗೆ ಆಸ್ಪತ್ರೆ ಎಂದರೆ ಡಾಕ್ಟರು, ನರ್ಸು, ಔಷಧಿ. ಕೆಳಗೆ ಇಳಿದಾಗ ಕಂಡದ್ದು ಬೇರೆಯೇ ಲೋಕ. ಉದ್ದ ಓಣಿಯ ಎರಡೂ ಬದಿಗೆ ಬಣ್ಣದ ಪಟ್ಟಿ ಬಳಿದ ಕೊಳವೆಗಳು. ಒಂದು ಕೋಣೆಯಲ್ಲಿ ಬಾಯ್ಲರು, ಇನ್ನೊಂದರಲ್ಲಿ ಆಪರೇಷನ್ ಕೋಣೆಗೆ ತಣ್ಣನೆಯ ಗಾಳಿ ಕಳಿಸುವ ಯಂತ್ರ. ರೋಗಿಗಳ ಮೂಗಿಗೆ ಹೋಗುವ ಆಮ್ಲಜನಕದ ಕೊಳವೆ ಸಾಲು, ಏಳು ಮಹಡಿಗೆ ನೀರೆತ್ತುವ ಪಂಪು, ಕರೆಂಟು ಹೋದರೆ ಹತ್ತು ಸೆಕೆಂಡಿನಲ್ಲಿ ಎಚ್ಚರಗೊಳ್ಳುವ ಜನರೇಟರು. ಅಭ್ಯಾಸಬಲದಿಂದ ಅವರ ಕಿವಿ ನೆಟ್ಟಗಾಯಿತು. ಒಂದು ಪಂಪಿನ ಮುಂದೆ ನಿಂತು, ಇದರ ಬೇರಿಂಗ್ ಇನ್ನು ಹೆಚ್ಚು ದಿನ ಬಾಳುವುದಿಲ್ಲ ಎಂದರು. ಬರುವ ವಾರ ಬದಲಾಯಿಸಲು ಪಟ್ಟಿಯಲ್ಲಿ ಬರೆದಿದೆ ಎಂದರು ಮೇಡಂ. ಅಲ್ಲಿಂದ ಇಬ್ಬರ ನಡುವಿನ ಬಿಗುವು ಸ್ವಲ್ಪ ಸಡಿಲವಾಯಿತು.

ಆವಿಯ ಯಂತ್ರದ ಹಿಂದೆ ಒಬ್ಬ ತಂತ್ರಜ್ಞ ಮುಷ್ಟಿ ಗಾತ್ರದ ಕವಾಟವೊಂದನ್ನು ಬಿಚ್ಚಿ ಹಿಡಿದಿದ್ದ. ಕೊಳವೆಯಲ್ಲಿ ಬರುವಾಗ ಸ್ವಲ್ಪ ಆವಿ ತಣ್ಣಗಾಗಿ ನೀರಾಗುತ್ತದೆ, ಆ ನೀರನ್ನು ಮಾತ್ರ ಹೊರಗೆ ಬಿಟ್ಟು ಆವಿಯನ್ನು ಒಳಗೇ ಉಳಿಸುವುದು ಇದರ ಕೆಲಸ. ಅದು ಕಸ ಸಿಕ್ಕಿ ಮುಚ್ಚಿಕೊಂಡಿತ್ತು. ನೀರು ಹೊರಗೆ ಹೋಗಲು ದಾರಿಯಿಲ್ಲದೆ ಆವಿಯ ಜೊತೆ ಗಂಟುಗಳ ಮೇಲೆ ಬೀಳುತ್ತಿತ್ತು. ಮೇಸ್ತ್ರಿಗೆ ತಟ್ಟನೆ ಅರ್ಥವಾಯಿತು. ಬಸ್ಸಿನ ಬ್ರೇಕಿನ ಗಾಳಿ ಟ್ಯಾಂಕಿನಲ್ಲೂ ನೀರು ನಿಲ್ಲುತ್ತದೆ, ದಿನಾ ಬೆಳಿಗ್ಗೆ ಬಿಡಬೇಕು, ಬಿಡದಿದ್ದರೆ ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ ಎಂದರು. ಅದೇ ಲೆಕ್ಕ ಎಂದು ಮೇಡಂ ತಲೆಯಾಡಿಸಿದರು.

ಮೇಸ್ತ್ರಿಯ ಪಾಲಿಗೆ ಅಲ್ಲಿಗೆ ವಿಷಯ ಮುಗಿದಿತ್ತು. ಕೆಟ್ಟದ್ದು ಸಿಕ್ಕಿತು, ಹೊಸದು ಹಾಕಿದರೆ ಆಯಿತು. ಮಗಳಿಗೆ ಮುಗಿದಿರಲಿಲ್ಲ. ಇಂಥ ಕವಾಟಗಳು ಈ ಕಟ್ಟಡದಲ್ಲಿ ಎಷ್ಟಿವೆ ಎಂದು ಕೇಳಿದಳು. ನೂರಾ ನಲವತ್ತು ಎಂದ ತಂತ್ರಜ್ಞ. ಇದನ್ನು ಹಿಂದೆ ಯಾವಾಗ ನೋಡಿದ್ದಿರಿ ಎಂದಳು. ಕೆಟ್ಟಾಗ ನೋಡುತ್ತೇವೆ ಎಂದ ಅವನು.

"ಇದು ಇವತ್ತೇ ಮುಚ್ಕೊಂಡಿರಲ್ಲ ಅಲ್ವಾ ಮೇಡಂ?" ಎಂದಳು ಮಗಳು. ಈಗ ಅವಳ ದನಿಯಲ್ಲಿ ಅಂಜಿಕೆ ಇರಲಿಲ್ಲ. "ನೀರು ನಿಲ್ತಾ ಬಂದ ಹಾಗೆ ಈ ಜಾಗ ದಿನದಿಂದ ದಿನಕ್ಕೆ ತಣ್ಣಗಾಗಿರುತ್ತೆ. ವಾರಕ್ಕೊಂದ್ಸಲ ಒಂದೊಂದರ ಬಿಸಿ ಅಳೆದು ಬರೆದಿಟ್ರೆ, ಯಾವುದು ಕೆಡೋಕೆ ಹೊರಟಿದೆ ಅಂತ ಮೊದಲೇ ಗೊತ್ತಾಗುತ್ತೆ. ತೆರೆದೇ ಉಳಿದಿರೋದೂ ಸಿಗುತ್ತೆ, ಅದು ಸುಮ್ನೆ ಆವಿ ಪೋಲು ಮಾಡ್ತಿರುತ್ತೆ."

ಮೇಡಂ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅವಳ ಕೈಗಿಟ್ಟರು. ಹೊಸ ಕವಾಟ ಬಂದಿದ್ದ ರಟ್ಟನ್ನು ಹರಿದು ಕೊಟ್ಟು, ಹೇಗೆ ಬರೆದಿಡುತ್ತೀಯ ತೋರಿಸು ಎಂದರು. ಮಗಳು ಗೋಡೆಗೆ ರಟ್ಟು ಒತ್ತಿ ಹಿಡಿದು ಗೆರೆ ಎಳೆಯತೊಡಗಿದಳು.

ಮೇಸ್ತ್ರಿ ಹಳದಿ ಗೆರೆಯ ಈಚೆ ನಿಂತು ನೋಡಿದರು. ಇಪ್ಪತ್ತಾರು ವರ್ಷ ತಾವು ಮಾಡಿದ್ದು ಮುರಿದದ್ದನ್ನು ಸರಿ ಮಾಡುವ ಕೆಲಸ. ಅದು ಸಣ್ಣ ಕೆಲಸವಲ್ಲ, ಅದು ಅವರಿಗೆ ಗೊತ್ತಿತ್ತು. ಆದರೆ ಏರುದಾರಿಯ ಬಸ್ಸುಗಳದ್ದೇ ಮೂರನೇ ಗೇರು ಯಾಕೆ ಮತ್ತೆ ಮತ್ತೆ ಮುರಿಯುತ್ತದೆ ಎಂದು ಡಿಪೋದಲ್ಲಿ ಯಾರೂ ಕೂತು ಕೇಳಿರಲಿಲ್ಲ. ಮಗಳು ನಾಲ್ಕು ವರ್ಷ ಓದಿದ್ದು ಆ ಯಾಕೆ ಎಂಬುದನ್ನು. ಕಣ್ಣೆದುರೇ ಇದ್ದರೂ ಇದು ತಮಗೆ ಈವರೆಗೆ ಹೊಳೆದೇ ಇರಲಿಲ್ಲವಲ್ಲ ಎಂದು ಅವರಿಗೆ ಅನ್ನಿಸಿತು.

ಮಧ್ಯಾಹ್ನ ಮಗಳು ಅಜ್ಜಿಯ ಹತ್ತಿರ ಕೂತಿದ್ದಾಗ ಮೇಸ್ತ್ರಿ ಕ್ಯಾಂಟೀನಿನಲ್ಲಿ ಚಹಾ ಹಿಡಿದು ಕೂತರು. ಪ್ಲಾಂಟ್ ಮೇಡಂ ತಮ್ಮ ಲೋಟ ಹಿಡಿದು ಅದೇ ಮೇಜಿಗೆ ಬಂದರು. ಮಗಳು ಈಗ ಏನು ಮಾಡುತ್ತಿದ್ದಾಳೆ ಎಂದು ಕೇಳಿದರು. ಸೋಮವಾರದಿಂದ ಟ್ರಾವೆಲ್ ಆಫೀಸಿನಲ್ಲಿ ಫೋನಿಗೆ ಉತ್ತರಿಸುತ್ತಾಳೆ ಎಂದು ಹೇಳಲು ಮೇಸ್ತ್ರಿಗೆ ನಾಲಿಗೆ ತಡವರಿಸಿತು. ಫೋನಿನ ಕೆಲಸವೇನೂ ಕೀಳಲ್ಲ ಎಂದರು ಮೇಡಂ, ಅದು ಅವಳೇ ಆರಿಸಿಕೊಂಡದ್ದಾದರೆ. ಮೇಸ್ತ್ರಿ ತಾವಾಗಿಯೇ, ಕಾರು ಕಾರ್ಖಾನೆಯಲ್ಲಿ ಜಾಗವಿಲ್ಲ, ಮೆಕ್ಯಾನಿಕಲ್ಲಿಗೆ ಕಾಲ ಮುಗಿಯಿತಂತೆ ಎಂದರು.

ಮೇಡಂ ತಮ್ಮ ತರಗತಿಯ ಕಥೆ ಹೇಳಿದರು. ಅರವತ್ತು ಜನರಲ್ಲಿ ವಾಹನದ ಕಾರ್ಖಾನೆಗೆ ಹೋದವರು ಏಳೇ ಜನ. ಒಬ್ಬ ಗೆಳೆಯ ಕಟ್ಟಡಗಳ ಲಿಫ್ಟು ಪರೀಕ್ಷಿಸುತ್ತಾನೆ, ಅವನು ಸಹಿ ಹಾಕದೆ ಲಿಫ್ಟು ಓಡುವ ಹಾಗಿಲ್ಲ. ಒಬ್ಬಳು ಮಾತ್ರೆಗಳನ್ನು ಹಾಳೆಯಲ್ಲಿ ಮುಚ್ಚುವ ಯಂತ್ರದ ವಿನ್ಯಾಸ ಮಾಡುತ್ತಾಳೆ, ಇಡೀ ದಿನ ಕಂಪ್ಯೂಟರ್ ಮುಂದೆ, ಎಣ್ಣೆಯ ಸೋಂಕೇ ಇಲ್ಲ. ಗಾಳಿಯಿಂದ ವಿದ್ಯುತ್ ತೆಗೆಯುವ ಯಂತ್ರದ ಕಂಬ ಹತ್ತುವವನೊಬ್ಬನಿದ್ದಾನೆ, ಮದುವೆಯಾದ ಮೇಲೂ ಬಿಟ್ಟಿಲ್ಲ. ಕಾರ್ಖಾನೆಯಲ್ಲಿ ಅವಘಡವಾದರೆ ಯಾಕಾಯಿತು ಎಂದು ತನಿಖೆ ಮಾಡುವವಳು, ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವವರು, ಪರೀಕ್ಷೆ ಬರೆದು ಸರ್ಕಾರದ ರೈಲು, ನೀರು, ವಿದ್ಯುತ್ ವಿಭಾಗ ಸೇರಿದವರು. ಹೊಸ ಯಂತ್ರದ ಜೊತೆ ಬರುವ ಕೈಪಿಡಿ ಬರೆಯುವವನೂ ಒಬ್ಬನಿದ್ದಾನೆ. ತರಗತಿಯಲ್ಲಿ ಅವನ ಅಕ್ಷರ ಯಾರಿಗೂ ಅರ್ಥವಾಗುತ್ತಿರಲಿಲ್ಲ ಎಂದು ಮೇಡಂ ನಕ್ಕರು. ಇನ್ನು ನಾಲ್ಕೈದು ಜನ ಬೇರೆ ದಾರಿ ಹಿಡಿದು ಚೆನ್ನಾಗೇ ಇದ್ದಾರೆ.

"ಮೆಕ್ಯಾನಿಕಲ್ ಕೆಲಸ ಎಲ್ಲಿದೆ ಅಂತ ಹುಡುಕಿದ್ರೆ ಸಿಗಲ್ಲ ಯಜಮಾನ್ರೇ," ಎಂದರು. "ಎಲ್ಲೆಲ್ಲಿ ಏನು ತಿರುಗುತ್ತೆ, ಏನು ಬಿಸಿಯಾಗುತ್ತೆ, ಏನು ತಣ್ಣಗಿರಬೇಕು, ಏನು ಮೇಲೆ ಏರಬೇಕು ಅಂತ ನೋಡ್ಕೊಂಡು ಹೋಗ್ಬೇಕು. ಅಲ್ಲೆಲ್ಲ ಒಬ್ರು ಬೇಕೇ ಬೇಕು."

ಹೆಣ್ಣುಮಗಳಿಗೆ ಕಷ್ಟವಲ್ಲವೇ ಎಂದು ಮೇಸ್ತ್ರಿ ಕೇಳಿದರು. ಕಷ್ಟವೇ ಎಂದರು ಮೇಡಂ. ಎರಡು ಕಡೆ ತಮ್ಮನ್ನು ಹೆಂಗಸೆಂದು ತೆಗೆದುಕೊಳ್ಳಲಿಲ್ಲ. ಮೂರನೆಯ ಕಡೆ ಹೆಂಗಸರಿಗೆ ಶೌಚಾಲಯ ಇರಲಿಲ್ಲ, ಒಂದು ವರ್ಷ ಪಕ್ಕದ ಕಟ್ಟಡಕ್ಕೆ ಹೋಗಿ ಬರುತ್ತಿದ್ದರು, ಆಮೇಲೆ ಜಗಳವಾಡಿ ಕಟ್ಟಿಸಿದರು. ಈಗಲೂ ರೋಗಿಯ ಮನೆಯವರು ತಮ್ಮನ್ನೇ ನೋಡಿ ಎಂಜಿನಿಯರ್ ಎಲ್ಲಿ ಎಂದು ಕೇಳುವುದುಂಟು. ಮೇಸ್ತ್ರಿ ಚಹಾದ ಲೋಟ ನೋಡಿದರು.

ಅವರಿಗೆ ಇನ್ನು ಒಳಗಿಟ್ಟುಕೊಳ್ಳಲು ಆಗಲಿಲ್ಲ. ಪಂಪ್‌ಹೌಸಿನ ಕಾಗದದ ವಿಷಯ ಹೇಳಿದರು. ಎರಡೂ ಕೈಯನ್ನು ಮೇಜಿನ ಮೇಲೆ ಚಾಚಿ, "ಇದು ಅವಳಿಗೆ ಬೇಡ ಅಂತ ಅಷ್ಟೇ ಮೇಡಂ," ಎಂದರು.

ಮೇಡಂ ಆ ಕೈಗಳನ್ನು ನೋಡಿದರು. "ಈ ಕೈ ಬಗ್ಗೆ ಅವಳಿಗೆ ನಾಚಿಕೆ ಇದೆ ಅಂತ ಯಾರು ಹೇಳಿದ್ರು ನಿಮಗೆ?"

ಯಾರೂ ಹೇಳಿರಲಿಲ್ಲ.

ಏಳುವ ಮೊದಲು ಮೇಸ್ತ್ರಿ ಸಂಕೋಚ ಬಿಟ್ಟು, ಇಲ್ಲೇ ಅವಳಿಗೊಂದು ಜಾಗ ಸಿಗಬಹುದೇ ಎಂದು ಕೇಳಿದರು. ಈಗ ಇಲ್ಲ, ಸುಳ್ಳು ಆಸೆ ಹುಟ್ಟಿಸುವುದಿಲ್ಲ ಎಂದರು ಮೇಡಂ. ಆದರೆ ನಾಲ್ಕು ಮಾತು ಹೇಳಿ ಕಳಿಸಿದರು. ಕೂತಲ್ಲಿಂದ ಅರ್ಜಿ ಹಾಕಿದರೆ ಸಾಲದು, ಹತ್ತು ಕಡೆ ಕಾಲಿಟ್ಟು ಅಲ್ಲಿಯ ಕೆಲಸ ಕಣ್ಣಾರೆ ನೋಡಬೇಕು. ಕಂಪ್ಯೂಟರಿನಲ್ಲಿ ಯಂತ್ರಭಾಗಗಳ ಚಿತ್ರ ಬಿಡಿಸುವುದನ್ನು ಚೆನ್ನಾಗಿ ಕಲಿಯಬೇಕು. ಅಪ್ರೆಂಟಿಸ್ ಎಂದರೆ ಮೂಗು ಮುರಿಯಬಾರದು, ಕಾಲೇಜಿನಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ. ಹಣ ಕೊಟ್ಟರೆ ಕೆಲಸ ಕೊಡಿಸುತ್ತೇವೆ ಎನ್ನುವವರ ನೆರಳಿಗೂ ಹೋಗಬಾರದು.

ಶನಿವಾರ ಅಜ್ಜಿಯ ಆಪರೇಷನ್ ಆಯಿತು. ಸಂಜೆ ಹೊತ್ತಿಗೆ ಅಜ್ಜಿ ಕಣ್ಣು ಬಿಟ್ಟು, ಹಳೆಯ ಕೀಲನ್ನು ವಾಪಸ್ ಕೊಡುತ್ತಾರಾ ಎಂದು ಕೇಳಿದರು. ಎಲ್ಲರ ಎದೆಯ ಭಾರ ಇಳಿಯಿತು.

ಭಾನುವಾರ ಬೆಳಿಗ್ಗೆ ಮೇಸ್ತ್ರಿ ಮತ್ತು ಮಗಳು ಆಸ್ಪತ್ರೆಯ ಹೊರಗಿನ ಕಲ್ಲುಬೆಂಚಿನಲ್ಲಿ ಕೂತಿದ್ದರು. ಮೇಸ್ತ್ರಿಗೆ ಮಾತು ಹೇಗೆ ಶುರು ಮಾಡಬೇಕೆಂದು ತಿಳಿಯಲಿಲ್ಲ. ಕೊನೆಗೆ ನೇರವಾಗಿಯೇ ಹೇಳಿದರು.

"ನಾಳೆ ಆ ಆಫೀಸಿಗೆ ಹೋಗ್ಬೇಡ ಕಣಮ್ಮ. ನಿಮ್ಮ ಮಾವನಿಗೆ ನಾನು ಹೇಳ್ತೀನಿ. ಪಂಪ್‌ಹೌಸ್ ಬೇಡ ಅಂದಿದ್ದು ನನ್ನ ತಪ್ಪು."

ಮಗಳು ನೆಲ ನೋಡುತ್ತಾ ಹೇಳಿದಳು.

"ನೀವು ಮಾಡೋ ಥರದ ಕೆಲಸಕ್ಕೆ ನಾನು ಲಾಯಕ್ಕಿಲ್ಲ ಅಂತ ನಿಮಗೆ ಅನ್ಸಿದೆ ಅಂದ್ಕೊಂಡಿದ್ದೆ ಅಪ್ಪ. ನಾನು ಮೆಕ್ಯಾನಿಕಲ್ ತಗೊಂಡಿದ್ದೇ ನಿಮ್ಮನ್ನ ನೋಡಿ."

ಆ ಕಾಗದ ಬಂದಾಗಿನಿಂದ ಆರು ತಿಂಗಳು ಒಂದೇ ಮನೆಯಲ್ಲಿದ್ದು, ಒಟ್ಟಿಗೆ ಕೂತು ಉಂಡು, ಒಬ್ಬರ ಮನಸ್ಸು ಒಬ್ಬರಿಗೆ ತಿಳಿದಿರಲಿಲ್ಲ.

ಪಂಪ್‌ಹೌಸಿಗೆ ಹೋಗಿ ಕೇಳಿದರು. ಆ ಜಾಗಕ್ಕೆ ಬೇರೆಯವರು ಬಂದಾಗಿತ್ತು. ಕಳೆದದ್ದು ಕಳೆಯಿತು ಎಂದುಕೊಂಡು ಮೇಸ್ತ್ರಿ ರಜೆ ಹಾಕಿ ಮಗಳ ಜೊತೆ ಹೊರಟರು. ಒಂದು ಕಡೆ ಎತ್ತರದ ಕಟ್ಟಡದ ತುದಿಗೆ ಹತ್ತಿ ಲಿಫ್ಟಿನ ಯಂತ್ರ ನೋಡಿದರು. ಅಲ್ಲಿಯ ಮ್ಯಾನೇಜರು, ಹುಡುಗಿಯರನ್ನು ಸೈಟಿಗೆ ತೆಗೆದುಕೊಳ್ಳುವುದಿಲ್ಲ ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಿದ. ಔಷಧಿ ಪ್ಯಾಕ್ ಮಾಡುವ ಕಾರ್ಖಾನೆಯಲ್ಲಿ ವಿನ್ಯಾಸ ವಿಭಾಗದವರು ಮಗಳ ಚಿತ್ರಗಳನ್ನು ನೋಡಿ, ಆಲೋಚನೆ ಚೆನ್ನಾಗಿದೆ, ಕೈ ಇನ್ನೂ ಪಳಗಬೇಕು ಎಂದರು. ಅದು ನಿಜ ಎಂದು ಅವಳಿಗೂ ಗೊತ್ತಿತ್ತು. ಸಂಜೆ ತರಗತಿಗೆ ಸೇರಿ ಕಲಿಯತೊಡಗಿದಳು. ಮೂರು ಕಡೆ ಗೇಟಿನಿಂದಲೇ ವಾಪಸ್ ಬಂದರು. ಮೇಸ್ತ್ರಿಗೆ ಒಂದೆರಡು ಸಲ ಧೈರ್ಯ ಕುಸಿಯಿತು. ಆಗೆಲ್ಲ ಮಗಳೇ ಮುಂದಿನ ಜಾಗದ ವಿಳಾಸ ತೆಗೆಯುತ್ತಿದ್ದಳು.

ದಾರಿ ಸಿಕ್ಕಿದ್ದು ಮಾತ್ರ ಮನೆಯೊಳಗೇ. ಒಂದು ದಿನ ಇವರಿಬ್ಬರೂ ಸುಸ್ತಾಗಿ ಬಂದು ಕೂತಾಗ, ಹೊಲಿಗೆ ಯಂತ್ರದ ಮುಂದಿದ್ದ ಅಮ್ಮ ಕತ್ತೆತ್ತದೆ, ಶೀತಲಗೃಹಕ್ಕೆ ಹೋಗಿ ನೋಡಿದಿರಾ ಎಂದರು. ತರಕಾರಿ, ಹಣ್ಣು, ಲಸಿಕೆ ಎಲ್ಲವನ್ನೂ ಕೆಡದ ಹಾಗೆ ತಣ್ಣಗಿಡುವ ದೊಡ್ಡ ಗೋದಾಮು ಅದು. ಅಲ್ಲಿಯ ಕೆಲಸಗಾರರ ದಪ್ಪ ಕೋಟುಗಳ ಜಿಪ್ ಕಿತ್ತರೆ ಹಾಕಿಕೊಡುತ್ತಿದ್ದವರು ಅಮ್ಮನೇ. ಯಂತ್ರ ನೋಡಿಕೊಳ್ಳುವವರು ಸಾಲುತ್ತಿಲ್ಲವೆಂದು ಕೋಟು ತರುವವರು ಎಷ್ಟೋ ಸಲ ಗೊಣಗಿದ್ದರು. ಮೊದಲೇ ಯಾಕೆ ಹೇಳಲಿಲ್ಲ ಎಂದು ಮೇಸ್ತ್ರಿ ಕೇಳಿದರು.

"ನನ್ನನ್ನ ಯಾರು ಕೇಳಿದ್ರಿ?" ಎಂದರು ಅಮ್ಮ.

ಶೀತಲಗೃಹದವರು ಮಗಳನ್ನು ಒಂದಿಡೀ ದಿನ ಸುತ್ತಾಡಿಸಿ, ಸಂಜೆಗೆ ಏನು ಕಂಡಿತು ಎಂದು ಕೇಳಿದರು. ನಾಲ್ಕನೇ ಕೋಣೆಯ ತಂಪು ಕೊಳವೆಗಳ ಮೇಲೆ ಮಂಜು ಹೆಚ್ಚು ಕಟ್ಟಿದೆ, ಆ ಬಾಗಿಲು ಉಳಿದವುಗಳಿಗಿಂತ ನಿಧಾನವಾಗಿ ಮುಚ್ಚುತ್ತದೆ, ಎರಡಕ್ಕೂ ಸಂಬಂಧ ಇರಬಹುದು, ಖಚಿತವಾಗಿ ಹೇಳಲು ಅಳೆದು ನೋಡಬೇಕು ಎಂದಳು. ಒಂದು ವರ್ಷದ ತರಬೇತಿಗೆ ತೆಗೆದುಕೊಂಡರು. ಮೊದಲ ತಿಂಗಳು ಕೈಬೆರಳು ಮರಗಟ್ಟಿ, ಮನೆಗೆ ಬಂದು ಚಮಚ ಹಿಡಿಯಲು ಒದ್ದಾಡಿದಳು. ಕೆಲಸ ಬಿಡುತ್ತೇನೆ ಎಂದು ಒಂದು ದಿನವೂ ಹೇಳಲಿಲ್ಲ. ವರ್ಷ ತುಂಬುವ ಹೊತ್ತಿಗೆ ಕಾಯಂ ಮಾಡುವ ಮಾತು ಬಂತು. ಯಾವ ಯಂತ್ರ ಎಷ್ಟು ವಿದ್ಯುತ್ ನುಂಗುತ್ತದೆ ಎಂದು ಲೆಕ್ಕ ಹಾಕಿ ಉಳಿತಾಯ ತೋರಿಸುವ ಕೆಲಸ ಅವಳದಾಯಿತು. ಮುಂದೆ ಅದರಲ್ಲೇ ಇನ್ನೂ ಓದಬೇಕೆಂದು ಈಗ ಆಸೆ ಇಟ್ಟುಕೊಂಡಿದ್ದಾಳೆ.

ಮೊನ್ನೆ ಡಿಪೋದ ಡ್ರೈವರೊಬ್ಬರು ಮೇಸ್ತ್ರಿಯ ಪಕ್ಕ ಬಂದು ಕೂತರು. ಅವರ ಮಗನೂ ಮೆಕ್ಯಾನಿಕಲ್ಲಿನ ಕೊನೆಯ ವರ್ಷದಲ್ಲಿದ್ದಾನೆ. ಊರಲ್ಲಿ ಎಲ್ಲರೂ ಒಂದೊಂದು ಹೇಳುತ್ತಾರೆ, ಅದನ್ನು ಓದಿಸಿ ತಪ್ಪು ಮಾಡಿದೆನಾ ಎಂದು ಸಣ್ಣ ದನಿಯಲ್ಲಿ ಕೇಳಿದರು. ಮೇಸ್ತ್ರಿ ಹೌದು ಎನ್ನಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ.

"ಹುಡುಗ ದಾರೀಲಿ ಹೋಗ್ತಾ ಏನು ಕಂಡ್ರೆ ನಿಂತು ನೋಡ್ತಾನೆ?" ಎಂದು ಕೇಳಿದರು.

ಡ್ರೈವರ್ ಯೋಚಿಸಿದರು. ಗೊತ್ತಿಲ್ಲವಲ್ಲ ಎಂದರು.

"ಹಾಗಾದ್ರೆ ಮೊದ್ಲು ಅವನನ್ನ ಕೇಳು. ಆಮೇಲೆ ಇಬ್ರೂ ನಮ್ಮನೆಗೆ ಬನ್ನಿ, ಮಗಳ ಹತ್ರ ಕೂತು ಮಾತಾಡೋಣ."

ಇದನ್ನು ಓದುತ್ತಿರುವ, ಕೇಳುತ್ತಿರುವ ನಿಮ್ಮ ಮನೆಯಲ್ಲೂ ಮೆಕ್ಯಾನಿಕಲ್ ಓದಿದ ಮಗನೋ ಮಗಳೋ ಇರಬಹುದು. ಒಂದು ಕಾರ್ಖಾನೆಯ ಗೇಟು ತೆರೆಯಲಿಲ್ಲ ಎಂದು ನಾಲ್ಕು ವರ್ಷದ ಓದನ್ನು ಮಂಚದ ಕೆಳಗೆ ತಳ್ಳಲು ಬಿಡಬೇಡಿ. ಆಸ್ಪತ್ರೆ, ಶೀತಲಗೃಹ, ನೀರಿನ ಪಂಪು, ಲಿಫ್ಟು, ಔಷಧಿ ಕಾರ್ಖಾನೆ, ವಿನ್ಯಾಸದ ಕಚೇರಿ, ಪಾಠಶಾಲೆ, ಎಲ್ಲ ಕಡೆ ಹೋಗಿ ನೋಡಿ. ಅದೇ ಕಾಲೇಜಿನಲ್ಲಿ ಮುಂಚೆ ಓದಿದವರನ್ನು ಹುಡುಕಿ ಮಾತಾಡಿಸಿ. ತರಬೇತಿಯ ಕರೆ ಬಂದರೆ ಸಣ್ಣದೆಂದು ಹಿಂದಕ್ಕೆ ಕಳಿಸಬೇಡಿ. ಹುಡುಕಿದ ತಕ್ಷಣ ಸಿಗುತ್ತದೆ ಎಂದು ನಾವು ಹೇಳುವುದಿಲ್ಲ, ಸಮಯ ಹಿಡಿಯುತ್ತದೆ. ಆದರೆ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಮಕ್ಕಳ ಪಕ್ಕದಲ್ಲಿ ಕೂತು, ನಿನಗೆ ಏನು ಮಾಡಬೇಕು ಅನ್ನಿಸುತ್ತದೆ ಎಂದು ಕೇಳಿ. ಅವರು ಹೇಳಿ ಮುಗಿಸುವವರೆಗೂ ನೀವು ಮಾತಾಡಬೇಡಿ.